ತುಂಗಾ ಇದ್ದಾಳೆ, ಭದ್ರಾ ಎಲ್ಲಿ?

ಮಂಡಿಪೇಟೆಯಲ್ಲಿ ಗುಟ್ಟು ಅಂದರೆ ಏನು ಅಂತ ಯಾರಾದರೂ ಕೇಳಿದರೆ, ಅವರನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಸಾವ್ಕಾರ್ರ ಅಂಗಡಿ ಮುಂದೆ ತಂದು ನಿಲ್ಲಿಸುತ್ತೇನೆ. ಲಾರಿ ಇಳಿಸುವ ಹಮಾಲರ ಕೂಗು, ಕೈಗಾಡಿಯ ಗಡಗಡ, ಇದ್ದಷ್ಟು ಸಂದಿಯಲ್ಲೇ ನುಗ್ಗುವ ಸ್ಕೂಟರುಗಳ ಹಾರನ್ನು. ಇಷ್ಟರ ನಡುವೆ ಒಳಗಿನಿಂದ ಗುಮಾಸ್ತ ಗಂಟಲು ಹರಿಯುವಂತೆ ಕೂಗುತ್ತಾನೆ, "ಸಾವ್ಕಾರ್ರೇ, ಓಟಿಪಿ ಬಂತಾ?" ಸಾವ್ಕಾರ್ರು ರಸ್ತೆಯ ಆಚೆ ಬದಿಯಲ್ಲಿ ಚಹಾ ಹೀರುತ್ತಾ, ಫೋನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು, ಅಲ್ಲಿಂದಲೇ ಡಂಗುರ ಸಾರುತ್ತಾರೆ: "ಬಂತು ಬರ್ಕೋ! ನಾಲ್ಕು... ಏಳು... ಏಳು... ಸೊನ್ನೆ..." ಕೊನೆಯ ಎರಡು ಅಂಕಿ ಹಾರನ್ನಿನಲ್ಲಿ ಮುಳುಗಿದರೆ ಚಿಂತೆಯಿಲ್ಲ. ಮೆಣಸಿನಕಾಯಿ ಚೀಲ ಹೊತ್ತು ನಡುರಸ್ತೆಯಲ್ಲಿರುವ ಹಮಾಲ ಅರೆಗಳಿಗೆ ನಿಂತು ದಾಟಿಸುತ್ತಾನೆ: "ಮೂರು, ಎಂಟು ಅಂತೆ ನೋಡ್ರಪಾ!" ಆ ಸಂದೇಶದ ಕೆಳಗೆ ಇದನ್ನು ಯಾರಿಗೂ ಹೇಳಬೇಡಿ ಅಂತ ಇರುತ್ತದಲ್ಲ, ಒಂದು ದಿನ ಸಾವ್ಕಾರ್ರು ಅದನ್ನೂ ಕೂಗಿ ಓದಿಬಿಡುತ್ತಾರೆ ಅಂತ ನಾನು ಕಾಯುತ್ತಿದ್ದೇನೆ.

ನಾನು ಇಲ್ಲಿ ದಿನಾ ಹೋಗಿ ಕೂರುವವನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಪಿಂಚಣಿ ಬ್ಯಾಂಕಿನಲ್ಲಿ, ಕಾಲಕ್ಷೇಪ ಸಾವ್ಕಾರ್ರ ಗಾದಿ ಪಕ್ಕದ ಕುರ್ಚಿಯಲ್ಲಿ. ಕಂಪ್ಯೂಟರ್ ವಿಷಯದಲ್ಲಿ ನನಗೆ ಅರೆಬರೆ ತಿಳಿವಳಿಕೆ ಇದೆ. ಅರೆಬರೆ ತಿಳಿದವನಿಗೆ ಭಯ ಪೂರ್ತಿ ಇರುತ್ತದೆ. ಫೇಸ್‌ಬುಕ್ಕಿನ ಜುಕರ್‌ಬರ್ಗ್ 2016ರಲ್ಲಿ ಹಾಕಿದ ಒಂದು ಫೋಟೋದಲ್ಲಿ ಅವನ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿದ್ದು ಕಂಡು ಲೋಕವೆಲ್ಲ ನಕ್ಕಿತ್ತು. ಅಂದೇ ನಾನೂ ನನ್ನ ಲ್ಯಾಪ್‌ಟಾಪಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದೆ. ಅದರ ಮುಂದೆ ಬನಿಯನ್ನಿನಲ್ಲಿ ಕೂತು ಪದಬಂಧ ಬಿಡಿಸುವ ಅರವತ್ತೇಳರ ಮುದುಕನನ್ನು ಕದ್ದು ನೋಡುವವನ ಗ್ರಹಚಾರ ಏನಿರಬಹುದು ಅಂತ ನನ್ನಾಕೆ ಕೇಳಿದಳು. ಉತ್ತರ ಹೊಳೆಯಲಿಲ್ಲ. ಪಟ್ಟಿ ಹಾಗೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ, ಅಂದರೆ 2025ರಲ್ಲಿ, ದೀಪಾವಳಿಗೆ ಒಂದು ವಾರ ಮುಂಚೆ ಸಾವ್ಕಾರ್ರ ಕಂಪ್ಯೂಟರಿಗೆ ಸೂತಕ ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು, ಇನ್ನು ಮೇಲೆ ಭದ್ರತೆಯ ತೇಪೆ ಹಾಕುವುದಿಲ್ಲ ಅಂತ ಮೈಕ್ರೋಸಾಫ್ಟ್ ಘೋಷಿಸಿತ್ತು. ಪರದೆಯ ಮೇಲೂ ಅದೇ ಸೂಚನೆ. ಸಾವ್ಕಾರ್ರು ಕನ್ನಡಕ ಏರಿಸಿ ಓದಿಸಿಕೊಂಡು ಕೇಳಿದರು:

"ಸತ್ತೋತಾ?"

"ಸತ್ತಿಲ್ಲ. ಓಡ್ತದೆ. ಆದ್ರೆ ಕಾವಲುಗಾರ ಕೆಲ್ಸ ಬಿಟ್ಟು ಹೋಗ್ಯಾನೆ."

"ಹಂಗಾರೆ ಹೊಸಾ ಕಾವಲುಗಾರನ್ನ ಇಟ್ಕಳಾನ ಬಿಡ್ರಿ."

ಅದು ಅಷ್ಟು ಸಲೀಸಾಗಿರಲಿಲ್ಲ. ವಿಂಡೋಸ್ 11 ಬೇಕೆಂದರೆ ಯಂತ್ರದೊಳಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು. ಸಾವ್ಕಾರ್ರ ಪೆಟ್ಟಿಗೆಯೊಳಗೆ ಇದ್ದದ್ದು ಹನ್ನೆರಡು ಆಯುಧಪೂಜೆಗಳ ಕುಂಕುಮ, ಎರಡು ಜಿರಲೆ, ಮತ್ತು ಧನಿಯಾ ಪುಡಿಯ ಘಮ. 2015ರಲ್ಲಿ ವಿಂಡೋಸ್ 7 ಇದ್ದವರಿಗೆ 10ನ್ನು ಪುಕ್ಕಟೆ ಕೊಟ್ಟಾಗ ಇವರೂ ಹಾಕಿಸಿಕೊಂಡಿದ್ದರು. ಅವತ್ತೇ ನಾನು ಎಚ್ಚರಿಸಿದ್ದೆ, ಮಂಡಿಯಲ್ಲಿ ಕೂತು ನೀವು ಪುಕ್ಕಟೆ ಮಾಲು ನಂಬ್ತೀರಾ ಅಂತ. ಅದಕ್ಕವರು ಒಂದು ಮಾತು ಹೇಳಿದ್ದರು: "ಮೇಷ್ಟ್ರೇ, ಪುಕ್ಕಟೆ ಕೊಟ್ಟೋನು ತೂಕದಾಗ ಹೊಡೀತಾನೆ, ಇಲ್ಲಾ ಮುಂದಿನ ಖರೀದಿಯಾಗ ಹೊಡೀತಾನೆ. ನಮ್ಗೆ ಗೊತ್ತಿಲ್ವಾ?" ಗೊತ್ತಿದ್ದೂ ತಗೊಂಡಿದ್ದರು. ಪುಕ್ಕಟೆಯ ಮಹಿಮೆಯೇ ಅಂಥದ್ದು.

ವಿಂಡೋಸಿನಂಥ ಈ ಆಪರೇಟಿಂಗ್ ಸಿಸ್ಟಮ್ಮಿಗೆ ಕನ್ನಡ ಪಂಡಿತರು ಕಾರ್ಯಾಚರಣ ವ್ಯವಸ್ಥೆ ಅಂತ ಹೆಸರಿಟ್ಟಿದ್ದಾರೆ. ನಮ್ಮ ಪತ್ರಿಕೆಗಳಲ್ಲಿ ಕಾರ್ಯಾಚರಣೆ ಅಂದರೆ ಪೊಲೀಸರು ಬೆಳಗಿನ ಜಾವ ಬಾಗಿಲು ಒಡೆದು ಒಳಗೆ ನುಗ್ಗಿದರು ಅಂತ ಅರ್ಥ. ಪಂಡಿತರು ದೂರದೃಷ್ಟಿಯಿಂದಲೇ ಇಟ್ಟಿರಬೇಕು. ಯಾಕೆಂದರೆ ವಿಂಡೋಸ್ 10 ಬಂದ ಎರಡೇ ವರ್ಷಕ್ಕೆ, 2017ರಲ್ಲಿ, ನೆದರ್ಲೆಂಡ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಇದು ತಮ್ಮ ಕಾನೂನಿಗೆ ವಿರುದ್ಧವಾಗಿ ಬಳಕೆದಾರರ ಮಾಹಿತಿ ಎತ್ತುತ್ತಿದೆ, ಏನೇನು ಎತ್ತುತ್ತಿದೆ ಅಂತ ಸರಿಯಾಗಿ ಹೇಳುತ್ತಲೂ ಇಲ್ಲ ಅಂತ ಆಕ್ಷೇಪಿಸಿತು. ಅದಾದ ಮೇಲೆ ಕೆಲವು ಗುಂಡಿಗಳು ಹೆಚ್ಚಿದವು. ಆದರೂ ಮನೆ, ಅಂಗಡಿಯವರು ಕೊಳ್ಳುವ ವಿಂಡೋಸಿನಲ್ಲಿ ವರದಿ ಒಪ್ಪಿಸುವುದನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲು ಗುಂಡಿಯಿಲ್ಲ. ಪೂರ್ತಿ ನಿಲ್ಲಿಸುವ ಸವಲತ್ತು ದೊಡ್ಡ ಕಂಪನಿಗಳು, ಶಿಕ್ಷಣ ಸಂಸ್ಥೆಗಳು ಕೊಳ್ಳುವ ಆವೃತ್ತಿಗೆ ಮಾತ್ರ. ಗುಟ್ಟೂ ಸಗಟು ವ್ಯಾಪಾರದಲ್ಲಿ ಸೋವಿ, ಚಿಲ್ಲರೆಯಲ್ಲಿ ಸಿಗುವುದಿಲ್ಲ.

ಇದನ್ನೆಲ್ಲ ಸಾವ್ಕಾರ್ರಿಗೆ ವಿವರಿಸಿದೆ. ಅವರು ಎಲೆಯಡಿಕೆ ಪಕ್ಕಕ್ಕೆ ಸರಿಸಿ, ಈ ಲೋಕದ ಅತಿ ಹಳಸಿದ ಮಾತನ್ನು ಆಡಿದರು: "ನಮ್ದೇನೈತೆ ಮೇಷ್ಟ್ರೇ ಮುಚ್ಚಿಡಾಕೆ? ನೋಡ್ಕಳ್ಳಿ ಬಿಡ್ರಿ."

ಹಾಗನ್ನುತ್ತಾ ಅವರು ಎಡಗೈಯನ್ನು ಮೆಲ್ಲಗೆ ಮುಂದೆ ತಂದು, ತೊಡೆ ಮೇಲೆ ತೆರೆದಿದ್ದ ಕಿರ್ದಿ ಪುಸ್ತಕದ ಮೇಲೆ ಇಟ್ಟರು. ನಾನು ಕೂತಿದ್ದ ಕಡೆಯಿಂದ ಅಂಕಿಗಳು ಕಾಣದ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಗತ್ತಿನಲ್ಲಿ ಗುಟ್ಟು ಕಾಯುವ ಕಲೆ ಯಾರಿಗಾದರೂ ಸಿದ್ಧಿಸಿದ್ದರೆ ಅದು ಮಂಡಿ ವ್ಯಾಪಾರಿಗಳಿಗೆ. ಓಟಿಪಿ ಊರಿಗೆಲ್ಲ ಸಾರುವ ಇದೇ ಸಾವ್ಕಾರ್ರು, ತಾವು ಖರೀದಿ ಮಾಡಿದ ಅಸಲು ದರವನ್ನು ಹೆಂಡತಿಗೂ ಹೇಳಿದವರಲ್ಲ. ಅದನ್ನು ಅವರು ಅಂಕಿಯಲ್ಲಿ ಬರೆಯುವುದೇ ಇಲ್ಲ. ಅವರ ತಂದೆ ಹೇಳಿಕೊಟ್ಟ ಹತ್ತಕ್ಷರದ ಒಂದು ಮಾತಿದೆ. ಹತ್ತೂ ಬೇರೆಬೇರೆ ಅಕ್ಷರ, ಒಂದೊಂದು ಅಕ್ಷರ ಒಂದೊಂದು ಅಂಕಿ. ಚೀಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಎರಡೋ ಮೂರೋ ಅಕ್ಷರ ಗೀಚಿದರೆ ಅಸಲು ದರ ಅಲ್ಲೇ ಇದೆ, ಎಲ್ಲರ ಕಣ್ಣೆದುರಿಗೇ, ಯಾರಿಗೂ ಕಾಣದ ಹಾಗೆ. ಪಕ್ಕದ ಜವಳಿ ಅಂಗಡಿಯಲ್ಲೂ ಸೀರೆಯ ಚೀಟಿಯ ಮೇಲೆ ಅಂಥದೇ ಬ್ರಹ್ಮಲಿಪಿ. ಮೂವತ್ತು ವರ್ಷದಿಂದ ನಾನು ಸಾವ್ಕಾರ್ರ ಆ ಹತ್ತಕ್ಷರ ಬಿಡಿಸಲು ನೋಡುತ್ತಿದ್ದೇನೆ. ಪದಬಂಧದಲ್ಲಿ ಬಹುಮಾನ ಗೆದ್ದವನು ನಾನು, ಇಲ್ಲಿ ಮೂರಕ್ಷರ ದಾಟಿಲ್ಲ.

ಅವರ ತಂದೆಯ ಕಾಲದಲ್ಲಂತೂ ದರವನ್ನು ಬಾಯಲ್ಲಿ ಹೇಳುವುದೇ ಅಪಚಾರ. ದಲ್ಲಾಳಿ, ಗಿರಾಕಿ ಇಬ್ಬರೂ ಕೈ ಹಿಡಿದುಕೊಂಡು ಮೇಲೆ ಟವೆಲ್ ಹೊದಿಸುತ್ತಿದ್ದರು. ಟವೆಲ್ಲಿನಡಿ ಬೆರಳು ಬೆರಳನ್ನು ಒತ್ತುತ್ತಿತ್ತು. ಮೇಲೆ ಮಳೆ ಬೆಳೆ, ಮಕ್ಕಳ ಮದುವೆಯ ಮಾತು. ದನದ ಜಾತ್ರೆಗಳಲ್ಲಿ ಈಗಲೂ ಹೀಗೆ ಕೈ ಹಿಡಿಯುವವರು ಇದ್ದಾರೆ. ವಾಟ್ಸಾಪಿನವರು 2016ರಲ್ಲಿ ತಮ್ಮ ಸಂದೇಶಗಳನ್ನು ಕಳಿಸಿದವನು, ಪಡೆದವನು ಬಿಟ್ಟು ನಡುವಿನವರಾರೂ ಓದಲಾಗದಂತೆ ಬೀಗ ಹಾಕಿದಾಗ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ಟವೆಲ್ಲಿನವರಿಗೆ ಒಂದು ಸಾಲೂ ಕೊಡಲಿಲ್ಲ.

ಇನ್ನು ನಮ್ಮೂರಿನ ಹಗೇದಿಬ್ಬ ಸರ್ಕಲ್ಲು. ಆಟೋದವರಿಗೆ ಅದೊಂದು ನಿಲ್ದಾಣ, ಅಷ್ಟೆ. ಹಗೇವು ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಆಳವಾಗಿ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು ಮಾಡಿ ತೋಡಿದ ಗುಂಡಿ. ಜೋಳ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಎಳೆದರೆ ಮೇಲೆ ಓಡಾಡುವವನಿಗೆ ಕೆಳಗೆ ಕಾಳಿದೆ ಅಂತ ಸುಳಿವು ಸಿಗುತ್ತಿರಲಿಲ್ಲ. ತೆಗೆಯುವಾಗ ಕೂಡಲೇ ಇಳಿಯುವ ಹಾಗಿಲ್ಲ. ಒಳಗಿನ ವಿಷಗಾಳಿ ಹೋಗಲಿ ಅಂತ ಬಾಯಿ ತೆರೆದು ಕಾಯಬೇಕು, ಆತುರಗೇಡಿ ಕಳ್ಳ ಅಲ್ಲೇ ಹೆಣ. ಇದಕ್ಕಿಂತ ಒಳ್ಳೆಯ ಪಾಸ್‌ವರ್ಡನ್ನು ಯಾವ ಕಂಪನಿಯೂ ಇನ್ನೂ ಕಂಡುಹಿಡಿದಿಲ್ಲ.

ಹಾಗಂತ ಹಿಂದೆ ಎಲ್ಲ ಭದ್ರವಾಗಿತ್ತು ಅಂತ ನಾನು ಹೇಳಲಾರೆ. ಒಂದು ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೆ. ಬಿಚ್ಚಿದರೆ ಪೊಟ್ಟಣದ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ಕೈಬರಹ: 25ಕ್ಕೆ 4, "ತಂದೆಯವರನ್ನು ಕರೆತರುವುದು." ನಾನೇ ರದ್ದಿಗೆ ಹಾಕಿದ್ದ ಕಿರುಪರೀಕ್ಷೆಯ ಉತ್ತರಪತ್ರಿಕೆ. ಆ ಹುಡುಗ ಈಗ ಊರಿನ ಮರ್ಯಾದಸ್ಥ. ಅವನ ನಾಲ್ಕು ಅಂಕದ ಮಾಹಿತಿಯನ್ನು ಆ ದಿನ ಊರಿನಲ್ಲಿ ಎಷ್ಟು ಜನ ಮಿರ್ಚಿ ಜೊತೆ ನಂಚಿಕೊಂಡರೋ. ಪುಣ್ಯಕ್ಕೆ ಎಣ್ಣೆ ಹತ್ತಿ ಹೆಸರು ಅಳಿಸಿಹೋಗಿತ್ತು.

ಸಾವ್ಕಾರ್ರ ಮೊಮ್ಮಗ ಇಂಜಿನಿಯರಿಂಗ್ ಓದುತ್ತಾನೆ. ಅವತ್ತು ಕಾಲೇಜು ಮುಗಿಸಿ ಅಂಗಡಿಗೆ ಬಂದವನಿಗೆ ನಮ್ಮ ಚರ್ಚೆ ಕಿವಿಗೆ ಬಿತ್ತು. ಅವನು ವಿಂಡೋಸ್ ಬಿಟ್ಟು ಲಿನಕ್ಸ್ ದೀಕ್ಷೆ ತೆಗೆದುಕೊಂಡವನು. ಹೊಸದಾಗಿ ದೀಕ್ಷೆಯಾದವರ ಹಾಗೆ, ಎದುರಿಗೆ ಯಾರು ಸಿಕ್ಕರೂ ಬೋಧೆ.

"ಅಜ್ಜ, ನಿಂಗೆ ಗೊತ್ತಾ? 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನೋರು ರೀಕಾಲ್ ಅಂತ ಒಂದನ್ನ ತರ್ತೀವಿ ಅಂದ್ರು. ನೀನು ಕಂಪ್ಯೂಟರ್‌ನಾಗೆ ಏನು ಮಾಡಿದ್ರೂ ಕೆಲವೇ ಸೆಕೆಂಡಿಗೊಂದು ಫೋಟೋ ಹೊಡ್ಕಂಡು ಇಟ್ಕಂತೈತೆ. ಆಮೇಲೆ ನೀನು ಯಾವತ್ತೋ ನೋಡಿದ್ದನ್ನ ಕೇಳಿದ್ರೆ ಹುಡುಕಿ ತೋರಿಸ್ತೈತೆ!"

ಹುಡುಗ ಅಜ್ಜ ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದ. ಸಾವ್ಕಾರ್ರ ಕಣ್ಣು ಅರಳಿತು.

"ಎಲ್ಲಾ ನೆಪ್ಪಿಟ್ಕಂತೈತಾ? ಹೋದ ಶ್ರಾವಣದಾಗ ಯಾರಿಗೆ ಎಷ್ಟು ಉದ್ರಿ ಬರೆದೆ ಅಂತನೂ ಹೇಳ್ತೈತಾ? ನಮ್ಮ ಗುಮಾಸ್ತನಿಗಿಂತ ಚಲೋ ಐತಲ್ಲೋ! ಎಷ್ಟಂತೆ?"

ಹುಡುಗ ತಲೆಗೆ ಕೈಕೊಟ್ಟ. ನಾನು ಅವನ ನೆರವಿಗೆ ಹೋದೆ. ಆ ಫೋಟೋಗಳಿಂದ ಆರಿಸಿದ ಅಕ್ಷರಗಳನ್ನೆಲ್ಲ ಮೊದಲು ಬೀಗವೇ ಇಲ್ಲದ ಕಡತದಲ್ಲಿ ಇಡುತ್ತಿತ್ತು, ಭದ್ರತಾ ತಜ್ಞರು ಅದನ್ನು ಬಿಚ್ಚಿ ತೋರಿಸಿ ಗಲಾಟೆಯಾಯಿತು, ಕಂಪನಿ ಬಿಡುಗಡೆಯನ್ನೇ ಮುಂದೂಡಿತು, ಬೇಕು ಅಂದವರಿಗೆ ಮಾತ್ರ ಅಂತ ಬದಲಿಸಿ, ಬೀಗ ಬಿಗಿಮಾಡಿ, 2025ರ ಏಪ್ರಿಲ್‌ನಲ್ಲಿ ಹೊಸ ಬಗೆಯ ದುಬಾರಿ ಯಂತ್ರಗಳಿಗೆ ಕೊಟ್ಟಿತು. ಸಾವ್ಕಾರ್ರು ಎಲ್ಲ ಕೇಳಿ ಕೊನೆಗೊಂದು ಪ್ರಶ್ನೆ ಹಾಕಿದರು, "ಆ ಪಟ ಯಾರು ಬೇಕಾರೂ ನೋಡಬಹುದಾ?" ಕಂಪ್ಯೂಟರ್ ತೆರೆಯಲು ಗೊತ್ತಿರುವವರು ನೋಡಬಹುದು ಅಂದೆ. ಅವರು ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ಧನಿಯಾ ಚೀಲದ ಬಾಯಿ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ. "ಬ್ಯಾಡ ಬಿಡ್ರಿ" ಅಂದರು ಸಾವ್ಕಾರ್ರು. ನೆದರ್ಲೆಂಡ್ಸಿನ ಪ್ರಾಧಿಕಾರಕ್ಕೆ ಆಗದ ಕೆಲಸ ಗುಮಾಸ್ತನಿಂದ ಆಯಿತು.

ಭದ್ರತೆಯ ಮಾತು ಬಂತಲ್ಲ, ಇಲ್ಲಿ ನನ್ನದೊಂದು ಹಳೆಯ ಚೇಷ್ಟೆ ನಿಮಗೂ ಒಪ್ಪಿಸಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಮೈಕ್ರೋಸಾಫ್ಟ್ ಕನ್ನಡಕ್ಕೆ ಕೊಟ್ಟ ಅಕ್ಷರಶೈಲಿಯ ಹೆಸರು ತುಂಗಾ. ನಮ್ಮ ಹರಿಹರದ ಕಡೆಯವರಿಗೆ ಹೆಮ್ಮೆಯೋ ಹೆಮ್ಮೆ, ನಮ್ಮ ಹೊಳೆ ಅಮೆರಿಕದ ಪೆಟ್ಟಿಗೆಯಲ್ಲಿ ಹರಿಯಿತು ಅಂತ. ಆದರೆ ಹರಿಹರದಲ್ಲಿ ಹರಿಯುವುದು ಬರೀ ತುಂಗೆಯಲ್ಲ, ಕೂಡ್ಲಿಯಲ್ಲಿ ಭದ್ರೆಯನ್ನೂ ಕೂಡಿಕೊಂಡು ಬರುವ ತುಂಗಭದ್ರೆ. ವಿಂಡೋಸಿನಲ್ಲಿ ತುಂಗಾ ಇದ್ದಾಳೆ, ಭದ್ರಾ ಎಲ್ಲಿ? ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಕೇಳುತ್ತಾ ಬಂದಿದ್ದೇನೆ. ನಗುವವರು ಈಗ ಕಡಿಮೆಯಾಗಿದ್ದಾರೆ. ಈಚಿನ ವಿಂಡೋಸಿನಲ್ಲಂತೂ ನಿರ್ಮಲಾ ಅನ್ನುವವಳು ಬಂದು ಪಟ್ಟಕ್ಕೆ ಕೂತಿದ್ದಾಳೆ. ತುಂಗಾ ಬೇಕಿದ್ದರೆ ಬೇರೆಯಾಗಿ ಕರೆಸಿಕೊಳ್ಳಬೇಕು.

"ಅದಕ್ಕೇ ಲಿನಕ್ಸ್ ಹಾಕ್ಸಿ ಅಜ್ಜ ಅನ್ನೋದು" ಅಂದ ಹುಡುಗ, ಅಜ್ಜ ರೀಕಾಲ್ ಬ್ಯಾಡ ಅಂದ ಮೇಲೆ. "ದುಡ್ಡಿಲ್ಲ, ಚಾಡಿಯಿಲ್ಲ. ಒಳಗೇನೈತೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು."

ಬಿಚ್ಚಿ ನೋಡಬಹುದು ಅನ್ನುವುದು ನಿಜ. 1991ರಲ್ಲಿ ಫಿನ್ಲೆಂಡಿನ ಹುಡುಗ ಲೀನುಸ್ ಟೋರ್ವಾಲ್ಡ್ಸ್ ಅದರ ತಿರುಳು ಬರೆದಾಗಿನಿಂದ ಇವತ್ತಿನವರೆಗೆ ಲೋಕವೆಲ್ಲ ಬಿಚ್ಚಿ ನೋಡುತ್ತಲೇ ಇದೆ. ಆದರೆ ನಾನು ಮಾಸ್ತರು, ಒಳ್ಳೆಯ ಹುಡುಗನ ಮಾತಿಗೂ ಒಂದು ತಪ್ಪು ಹುಡುಕದಿದ್ದರೆ ಊಟ ಸೇರುವುದಿಲ್ಲ. "ಲಿನಕ್ಸ್‌ನೋರು ಸಾಚಾ ಅಂತ ಯಾರು ಹೇಳಿದ್ದು? ಉಬುಂಟು ಅನ್ನೋ ಲಿನಕ್ಸ್‌ನ 2012ರ ಆವೃತ್ತಿಯಲ್ಲಿ ನಿನ್ನ ಯಂತ್ರದೊಳಗೇ ಇರೋ ಕಡತ ಹುಡುಕಿದ್ರೂ ಆ ಪದ ಕಂಪನಿ ಸರ್ವರ್‌ಗೆ ಹೋಗ್ತಿತ್ತು, ಅಮೆಜಾನ್ ಮಾಲು ತೋರಿಸ್ತಿತ್ತು. ಮುಕ್ತ ತಂತ್ರಾಂಶ ಚಳವಳಿಯ ಸ್ಟಾಲ್‌ಮನ್ ಅದನ್ನ ಗೂಢಚಾರ ತಂತ್ರಾಂಶ ಅಂತಲೇ ಬೈದ. 2016ರಲ್ಲಿ ತಾನಾಗೇ ಹೋಗೋದನ್ನ ನಿಲ್ಸಿದ್ರು" ಅಂದೆ. ಹುಡುಗ, ಸಿಕ್ಕಿಬಿದ್ದದ್ದು ಬಿಚ್ಚಿ ನೋಡಲು ಬಂದದ್ದರಿಂದಲೇ ಅಲ್ಲವೇ ಅಂದ. ಮಾತು ಪಾಯಿಂಟಿನದೇ. ನಾನು ಕೆಮ್ಮಿದೆ.

ಆ್ಯಪಲ್‌ನವರ ಕಥೆಯನ್ನು ಬೇಗ ಮುಗಿಸುತ್ತೇನೆ, ಮಂಡಿಪೇಟೆಯಲ್ಲಿ ಆ ಹಣ್ಣಿನ ಗಿರಾಕಿ ಕಡಿಮೆ. ಖಾಸಗಿತನವೇ ನಮ್ಮ ಕುಲದೇವರು ಅಂತ ಜಾಹೀರಾತು ಕೊಡುವವರು ಅವರು. 2020ರ ನವೆಂಬರ್ 12ರಂದು ಅವರ ಒಂದು ಸರ್ವರ್ ತತ್ತರಿಸಿತು. ಲೋಕದ ತುಂಬ ಮ್ಯಾಕ್‌ಗಳಲ್ಲಿ ತಂತ್ರಾಂಶ ತೆರೆಯುವುದಕ್ಕೇ ಯುಗ ಹಿಡಿಯಿತು. ಆಗಲೇ ಬಹಳ ಜನಕ್ಕೆ ಗೊತ್ತಾದದ್ದು, ತಂತ್ರಾಂಶ ಬಿಚ್ಚುವಾಗ ಯಂತ್ರ ಇದು ಸಾಚಾ ಮಾಲೇ ಅಂತ ತವರಿಗೆ ಕೇಳಿ ಕಳಿಸುತ್ತದೆ ಅಂತ. ಸಾವ್ಕಾರ್ರು ಹೊಸ ಸೊಸೆಯನ್ನು ನೆನೆಸಿಕೊಂಡು ನಕ್ಕರು, ಯಾಕೆ ಅಂತ ನಾನು ಬರೆಯುವುದಿಲ್ಲ.

ಲಿನಕ್ಸಿಗೆ ಅಡ್ಡ ನಿಂತದ್ದು ಟ್ಯಾಲಿ. ಮಂಡಿಯಲ್ಲಿ ಕಂಪ್ಯೂಟರ್ ಅಂದರೆ ಟ್ಯಾಲಿ ಓಡುವ ಪೆಟ್ಟಿಗೆ. ಟ್ಯಾಲಿ ಓಡುವುದು ವಿಂಡೋಸಿನ ಮೇಲೆ. ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಜವಳಿ ಮಿಲ್ಲುಗಳಿಗೆ ಮಾಲು ಪೂರೈಸುತ್ತಿದ್ದವರು. ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದೆ ಮಗ ಭರತನಿಗೆ ನೀನೇ ಬರೆ ಅಂದರು. 1986ರಲ್ಲಿ ಕಂಪನಿಯಾಯಿತು. ಅಪ್ಪ ಹೇಳಿದ್ದಕ್ಕೆ ಮಗ ಲೆಕ್ಕ ಬರೆದ, ಅಷ್ಟೇ ಕಥೆ. ಅದಕ್ಕೇ ಅದು ಮಂಡಿಯವರಿಗೆ ಮನೆಮಗನ ಹಾಗೆ ಒಗ್ಗಿದ್ದು. ಕನ್ನಡ ಬರಹಕ್ಕೆ ಬೇಕಾದ ನುಡಿ ತಂತ್ರಾಂಶವೂ ವಿಂಡೋಸಿನದೇ. ಹೀಗೆ ಲೆಕ್ಕವೂ ಅಕ್ಷರವೂ ಒಂದೇ ಕಿಟಕಿಗೆ ಗಂಟುಬಿದ್ದಿವೆ.

"ಹಂಗಾರೆ ಡ್ಯುಯಲ್ ಬೂಟ್ ಮಾಡಾನ" ಅಂದ ಹುಡುಗ.

"ಬೂಟಾ? ಗಲ್ಲಾ ಹತ್ರ ಚಪ್ಪಲಿನೇ ಬಿಡಲ್ಲ ನಾವು" ಅಂದರು ಅಜ್ಜ.

ಇದನ್ನು ವಿವರಿಸಲು ನಾನು ಹರಿಹರೇಶ್ವರನನ್ನೇ ಕರೆಯಬೇಕಾಯಿತು. ಹೊಯ್ಸಳರ ದಂಡನಾಯಕ ಪೋಲಾಳ್ವ ಎಂಟುನೂರು ವರ್ಷದ ಹಿಂದೆ ಕಟ್ಟಿಸಿದ ಗುಡಿ. ಒಳಗೆ ಮೂರ್ತಿ ಒಂದೇ, ಬಲಭಾಗ ಹರ, ಎಡಭಾಗ ಹರಿ. ಹಾಗೇ ಪೆಟ್ಟಿಗೆ ಒಂದೇ, ಬೆಳಿಗ್ಗೆ ಗುಂಡಿ ಒತ್ತುವಾಗ ಇವತ್ತು ಯಾವ ದೇವರು ಅಂತ ಕೇಳುತ್ತದೆ. ಟ್ಯಾಲಿಗೆ ವಿಂಡೋಸ್, ಉಳಿದದ್ದಕ್ಕೆ ಲಿನಕ್ಸ್. ಸಾವ್ಕಾರ್ರಿಗೆ ಉಪಮೆ ಹಿಡಿಸಿತು, ಉಪಾಯ ಹಿಡಿಸಲಿಲ್ಲ. "ದೇವರಿಗಾದ್ರೆ ಪೂಜಾರಿ ಇರ್ತಾನೆ. ಇದಕ್ಕೆ ದಿನಾ ಮಂಗಳಾರತಿ ಯಾರು ಎತ್ತೋರು?" ಹುಡುಗ ಮುಂದಿನ ವರ್ಷ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವವನು. ಅವನು ಸುಮ್ಮನಾದ.

ಹಾಗಂತ ಲಿನಕ್ಸ್ ಯಾರಿಗೂ ಒಗ್ಗದ್ದೇನಲ್ಲ. ಕಾಸರಗೋಡಿನಲ್ಲಿ ನಮ್ಮ ಬೀಗರ ಕಡೆಯ ಒಬ್ಬ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸೇ ಪಾಠ. ಅಲ್ಲಿನ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ತಾನೇ ಒಂದು ಆವೃತ್ತಿ ಸಿದ್ಧಮಾಡಿ ಕೊಡುತ್ತದೆ, ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ರಜೆಗೆ ಬಂದಾಗ ಅವಳಿಗೆ ನನ್ನ ಲ್ಯಾಪ್‌ಟಾಪ್ ಕೊಟ್ಟೆ. "ಅಜ್ಜಾ, ಇದು ಎಂತ, ಎಲ್ಲದಕ್ಕೂ ಹೆಸರು ಕೇಳ್ತದೆ?" ಅಂದಳು. ಎಲ್ಲದಕ್ಕೂ ಹೆಸರು ಕೊಟ್ಟುಕೊಟ್ಟು ಅದು ಕೇಳುತ್ತದೆ ಅನ್ನುವುದನ್ನೇ ನಾನು ಗಮನಿಸುವುದು ಬಿಟ್ಟಿದ್ದೆ. ನಮ್ಮ ರಕ್ಷಣಾ ಸಚಿವಾಲಯವೂ 2023ರಲ್ಲಿ ಉಬುಂಟು ಆಧಾರದ ಮೇಲೆ ತಾನೇ ಕಟ್ಟಿಕೊಂಡ ವ್ಯವಸ್ಥೆಯೊಂದನ್ನು ಕಚೇರಿಗಳಿಗೆ ಹಾಕಿಸಲು ಹೊರಟಿತು. ಅದರ ಹೆಸರು ಮಾಯಾ. ಅದಕ್ಕೂ ಮೊದಲು ಸರ್ಕಾರದ್ದೇ ಸಂಸ್ಥೆ ಸಿ-ಡ್ಯಾಕ್‌ನವರು ಮಾಡಿದ್ದರ ಹೆಸರು ಬಾಸ್. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಲು ಬಾಸ್ ಸಾಲದೆ ಮಾಯೆಯೇ ಬೇಕಾಯಿತು ಅಂತ ಕಾಣುತ್ತದೆ.

ಮಾತು ಬೇಸರವಾಗಿ ಸಾವ್ಕಾರ್ರು ಆಕಳಿಸುವ ಹೊತ್ತಿಗೆ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಯಾರ ಮೊಕದ್ದಮೆಯಲ್ಲಿ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದ್ದು. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಖಾಸಗಿತನ ಅನ್ನುವುದು ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರದ ವಕೀಲರು ವಾದಿಸಿದ್ದಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತಕ್ಕೆ ಒಂಬತ್ತೂ ಹಕ್ಕು ಹೌದು ಅಂದರು. ಅಜ್ಜ 98 ವರ್ಷ ಬಾಳಿ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈಗ ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತೆತ್ತಿದರೂ ವಕೀಲರು ಮೊದಲು ಉಚ್ಚರಿಸಬೇಕಾದ ಹೆಸರು ಪುಟ್ಟಸ್ವಾಮಿ. ಆಂಗ್ಲ ಉಚ್ಚಾರದಲ್ಲಿ ಅದು ಏನೇನೋ ಆಗುತ್ತದೆ, ಆದರೂ ಕೇಳಲು ಹಿತ.

"86ಕ್ಕೆ ಕೇಸು ಹಾಕಿದ್ರಾ?" ಸಾವ್ಕಾರ್ರು ಗಾದಿಯಲ್ಲಿ ನೆಟ್ಟಗೆ ಕೂತರು. ಅವರಿಗೆ 74. ಕಾನೂನಿಗಿಂತ ವಯಸ್ಸು ಅವರಿಗೆ ಹೆಚ್ಚು ತಟ್ಟಿತು.

ಆ ತೀರ್ಪಿನ ಬೆನ್ನಿಗೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ: ನಿಮ್ಮ ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಇನ್ನು ಮುಂದೆ ಕನ್ನಡದಲ್ಲೇ ಓದದೆ ಒಪ್ಪಿಕೊಳ್ಳಬಹುದು. ಆದರೆ ಕಂಪನಿಗಳು ಪಾಲಿಸಬೇಕಾದ ಮುಖ್ಯ ಕಟ್ಟಳೆಗಳಿಗೆಲ್ಲ ಹದಿನೆಂಟು ತಿಂಗಳ ವಾಯಿದೆ ಇದೆ. ಉದ್ರಿ ವ್ಯವಹಾರ ಮಂಡಿಯವರದು ಮಾತ್ರ ಅಂತ ಯಾರು ಹೇಳಿದ್ದು?

ಅವತ್ತು ಪುಟ್ಟಸ್ವಾಮಿಯವರ ಕಥೆಯಾದ ಮೇಲೆ ಸಾವ್ಕಾರ್ರು ಒಂದು ಮಾತು ಕೇಳಿದರು. ಅದಕ್ಕೆ ನನ್ನ ಹತ್ತಿರ ಬ್ರಹ್ಮಾಸ್ತ್ರ ಇರಲಿಲ್ಲ. "ಅಲ್ರೀ ಮೇಷ್ಟ್ರೇ, ಈ ಪ್ಯಾಟೆಯಾಗ ಯಾರ ಮನ್ಯಾಗ ಏನು ಸಾರು ಮಾಡ್ಯಾರ ಅಂತ ಸಂಜಿಗೆ ಎಲ್ರಿಗೂ ಗೊತ್ತಾಗ್ತೈತೆ. ನಮ್ಮ ಸೊಸಿ ಬಾಣಂತನ ಮುಗಿಸಿ ಬಂದ ತಾರೀಕು ಹಮಾಲರಿಗೆ ಗೊತ್ತು. ಇಷ್ಟರ ಮ್ಯಾಲೆ ಅಮೆರಿಕದೋನಿಗೊಬ್ನಿಗೆ ಗೊತ್ತಾದ್ರೆ ಏನ್ ಹೋತು?"

ನಾನು ಯೋಚಿಸಿದೆ. ಹಮಾಲನಿಗೆ ಇವರ ಸೊಸೆಯ ಸುದ್ದಿ ಗೊತ್ತು, ಇವರಿಗೆ ಹಮಾಲನ ಮಗಳ ಮದುವೆ ಯಾಕೆ ಎರಡು ಸಲ ಮುರಿಯಿತು ಅಂತ ಗೊತ್ತು. ಮಂಡಿಪೇಟೆಯ ಬಾಯಿ ದೊಡ್ಡದು, ಆದರೆ ಅಲ್ಲಿ ಜಮಾ, ಖರ್ಚು ಎರಡೂ ಇದೆ. ಒಬ್ಬರ ಸುದ್ದಿ ಕೊಟ್ಟು ಇನ್ನೊಬ್ಬರದನ್ನು ಪಡೆಯಬೇಕು, ಬರೀ ಪಡೆಯುವವನನ್ನು ಕಟ್ಟೆಗೆ ಸೇರಿಸುವುದಿಲ್ಲ. ಹತ್ತು ವರ್ಷವಾದರೆ ಎಲ್ಲರೂ ಮರೆಯುತ್ತಾರೆ, ಮರೆಯದಿದ್ದರೂ ಮರೆತ ಹಾಗೆ ಇರುತ್ತಾರೆ. ಅಮೆರಿಕದವನ ಮನೆಯಲ್ಲಿ ಇವತ್ತು ಏನು ಸಾರು? ಒಂದು ದಿನವಾದರೂ ಹೇಳಿದ್ದಾನೆಯೇ? ಫೋನಿನವರೂ ಅಷ್ಟೆ. ಜಾಗದ ಲೆಕ್ಕ ಇಡಬೇಡ ಅಂತ ಜನ ಗುಂಡಿ ಆರಿಸಿದ ಮೇಲೂ ಲೆಕ್ಕ ಇಟ್ಟರು ಅಂತ ಅಮೆರಿಕದ 40 ರಾಜ್ಯಗಳು ಗೂಗಲ್ ಮೇಲೆ ಬಿದ್ದು, 2022ರಲ್ಲಿ 39 ಕೋಟಿ 15 ಲಕ್ಷ ಡಾಲರ್ ಕಕ್ಕಿಸಿದವು. ನಮ್ಮ ಮಾಳಿಗೆ ಮನೆಗಳಿಗೆ ಬೀದಿ ಕಡೆ ಕಿಟಕಿ ಇರುತ್ತಿರಲಿಲ್ಲ, ಬೆಳಕಿಗೆ ನೆತ್ತಿಯ ಮೇಲೆ ಬೆಳಕಿಂಡಿ. ಇಣುಕಬೇಕಾದವನು ಮಾಳಿಗೆ ಹತ್ತಬೇಕು, ಹತ್ತಿದವನು ಊರಿಗೆಲ್ಲ ಕಾಣುತ್ತಿದ್ದ. ಈ ಕಿಟಕಿಯಲ್ಲಿ ಇಣುಕುವವನು ಯಾರಿಗೂ ಕಾಣುವುದಿಲ್ಲ.

ಇದನ್ನೆಲ್ಲ ಹೇಳಿದೆ. ಸಾವ್ಕಾರ್ರು ಬಹಳ ಹೊತ್ತು ತಲೆಯಾಡಿಸಿದರು. "ಹೌದ್ರಿ. ಒಂದು ಕಡೆ ವ್ಯಾಪಾರ ವ್ಯಾಪಾರನೇ ಅಲ್ಲ" ಅಂದರು. ಗೆದ್ದೆ ಅಂದುಕೊಂಡೆ. ಆಮೇಲೆ ಕೇಳಿದರು, "ಈಗ ಪುಕ್ಕಟೆ ದಾರಿ ಯಾವ್ದೈತೆ?"

ಇತ್ತು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ತೇಪೆ ಹಾಕಿಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಮೂರು ಬಾಗಿಲು ತೆರೆದಿತ್ತು. 30 ಡಾಲರ್ ಕೊಡಿ. ಇಲ್ಲವೇ ಅವರ ಬಹುಮಾನ ಯೋಜನೆಯ 1000 ಅಂಕ ಕೊಡಿ. ಅದೂ ಇಲ್ಲವೇ ನಿಮ್ಮ ಯಂತ್ರದ ಹೊಂದಿಕೆಗಳನ್ನೆಲ್ಲ ಅವರ ಉಗ್ರಾಣದಲ್ಲಿ ನಕಲು ಇಡಿ, ಪುಕ್ಕಟೆ. ಯಾವ ಬಾಗಿಲಲ್ಲಿ ಹೋದರೂ ಮೈಕ್ರೋಸಾಫ್ಟ್ ಖಾತೆ ತೆರೆದು ಹೆಸರು ಬರೆಸಲೇಬೇಕು. ಇಷ್ಟು ವರ್ಷ ಹೆಸರು ಹೇಳದೆ ಓಡಿದ ಪೆಟ್ಟಿಗೆ ಅದು.

"ಮೂರನೇದು" ಅಂದರು ಸಾವ್ಕಾರ್ರು, ಒಂದು ಕ್ಷಣವೂ ತಡಮಾಡದೆ.

ಹುಡುಗ ಎದ್ದು ಚಹಾ ಕುಡಿಯಲು ಹೋದ. ಖಾತೆ ತೆರೆಯುವ ಕೆಲಸ ನನ್ನ ತಲೆಗೆ ಬಂತು. ಹೆಸರು, ಹುಟ್ಟಿದ ತಾರೀಕು, ದೇಶ. ಓಟಿಪಿ ಬಂತು, ವಾಡಿಕೆಯಂತೆ ಬೀದಿಗೆಲ್ಲ ತಿಳಿಯಿತು. ಕೊನೆಗೆ ಪಾಸ್‌ವರ್ಡ್. "ಯಾರಿಗೂ ಊಹಿಸಾಕೆ ಬರಬಾರ್ದು, ನಿಮಗೆ ಮಾತ್ರ ನೆಪ್ಪಿರ್ಬೇಕು. ಸ್ವಲ್ಪ ಉದ್ದ ಇರ್ಲಿ" ಅಂದೆ. ಸಾವ್ಕಾರ್ರು ಮಾಡು ನೋಡಿದರು. ತಂದೆಯ ಫೋಟೋ ನೋಡಿದರು. ಅದಕ್ಕೆ ಹಾಕಿದ್ದ ಮಾಲೆ ಸರಿಮಾಡಿ ಬಂದು, ಕೀಲಿಮಣೆ ತಮ್ಮ ಕಡೆ ಎಳೆದುಕೊಂಡರು.

"ಕಣ್ಣು ಮುಚ್ಚಿಕೊಳ್ರಿ ಮೇಷ್ಟ್ರೇ. ತಪ್ಪು ತಿಳೀಬ್ಯಾಡ್ರಿ."

ತಪ್ಪೇನು ಬಂತು. ಗಟ್ಟಿಯಾಗಿ ಮುಚ್ಚಿಕೊಂಡೆ. ಸಾವ್ಕಾರ್ರು ಹಳೆಯ ಶಾಲೆಯವರು, ಬಾಯಲ್ಲಿ ಹೇಳದೆ ಕೈಯಲ್ಲಿ ಬರೆಯುವುದು ಅವರಿಗೆ ಬಾರದು. ಒಂದು ಬೆರಳು, ಒಂದು ಅಕ್ಷರ, ಒಂದು ಉಚ್ಚಾರ. ಮೊದಲನೆಯದು. ಎರಡನೆಯದು. ಮೂರನೆಯದು, ಅದು ನನಗೆ ಗೊತ್ತಿದ್ದದ್ದೇ. ನಾಲ್ಕನೆಯದಕ್ಕೆ ನನ್ನ ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷ! ಐದು, ಆರು, ಏಳು. ಎಂಟನೆಯದು ಎಲ್ಲಿದೆ ಅಂತ ಹುಡುಕಲು ಸ್ವಲ್ಪ ತಡವಾಯಿತು, ನಾನು ಉಸಿರು ಹಿಡಿದಿದ್ದೆ. ಒಂಬತ್ತು. ಹತ್ತು. ಆ ಪದ ಯಾವುದು ಅಂತ ನಾನಿಲ್ಲಿ ಬರೆಯುವುದಿಲ್ಲ, ಹೆಂಡತಿಗೂ ಹೇಳಿಲ್ಲ.

"ಆತು, ಕಣ್ಣು ತೆರೀರಿ" ಅಂದರು. ಸ್ವಲ್ಪ ಬಾಗಿ ನನ್ನ ಮುಖವನ್ನೇ ನೋಡುತ್ತಾ ಕೇಳಿದರು, "ಏನೂ ಕಾಣ್ಲಿಲ್ಲ ತಾನೆ?"

"ಇಲ್ಲ ಸಾವ್ಕಾರ್ರೇ" ಅಂದೆ. "ಏನೇನೂ ಕಾಣ್ಲಿಲ್ಲ."